ದಪ್ಪ ಅಕ್ಷರದ ಖರ್ಚು ಯಾರ ತಲೆಗೆ?

(ಕಾಸರಗೋಡಿನಲ್ಲಿ ವೆಬ್ ಕೆಲಸ ಕಲಿಯುತ್ತಿರುವ ಗೆಳೆಯರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹಲವರು ಹೆಚ್ಚುಕಡಿಮೆ ಒಂದೇ ತರದ ಕೆಲಸದಲ್ಲಿದ್ದೀರಿ. ಶಾಲೆಯ ಕೈಬರಹ ಪತ್ರಿಕೆಯನ್ನು ವೆಬ್‌ಗೆ ತರುತ್ತಿರುವವರಿದ್ದೀರಿ. ಯಕ್ಷಗಾನದ ಪದ್ಯಗಳನ್ನು ಒಂದೆಡೆ ಸೇರಿಸುತ್ತಿರುವವರಿದ್ದೀರಿ. ಊರಿನ ವಾಚನಾಲಯಕ್ಕೆ ಪುಸ್ತಕ ಪರಿಚಯದ ಜಾಲತಾಣ ಮಾಡುತ್ತಿರುವವರೂ ಇದ್ದೀರಿ. ಎಲ್ಲರೂ ಮೊದಲು ಒಂದು ಖಾಲಿ ಪೆಟ್ಟಿಗೆ ಇಟ್ಟು ಶುರು ಮಾಡುತ್ತೀರಿ. ಅದರಲ್ಲಿ ಬರೆದರೆ ಬರೆದ ಹಾಗೆಯೇ ಕಾಣುತ್ತದೆ. ಸ್ವಲ್ಪ ದಿನ ಕಳೆಯುವುದರೊಳಗೆ ಬರೆಯುವವರು ಕೇಳಲು ಶುರು ಮಾಡುತ್ತಾರೆ. ಹೆಸರನ್ನು ದಪ್ಪ ಮಾಡಲು ಆಗುವುದಿಲ್ವಾ? ಪದ್ಯವನ್ನು ಸ್ವಲ್ಪ ಒಳಗೆ ಸರಿಸಬಹುದಾ? ಒಂದು ಲಿಂಕ್ ಕೊಡಬಹುದಾ?

ಕೇಳುವುದು ನ್ಯಾಯವೇ. ಆದರೆ ಈ ಸೌಕರ್ಯಕ್ಕೆ ಖರ್ಚು ಇದೆ. ಆ ಖರ್ಚು ಯಾರ ಮೇಲೆ ಬೀಳುತ್ತದೆ, ಯಾವಾಗ ಬೀಳುತ್ತದೆ ಅನ್ನುವುದನ್ನು ತೀರ್ಮಾನ ಮಾಡುವವರು ನೀವು. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. ಬರೆಯುವವರ ಅನುಕೂಲದ ಬೆಲೆಯನ್ನು ಓದುವವರ ಫೋನಿನಿಂದ ವಸೂಲಿ ಮಾಡಬೇಡಿ. ಒಂದು ಬರಹವನ್ನು ಬರೆಯುವವರು ಒಬ್ಬರು, ಓದುವವರು ನೂರಾರು ಜನ. ಬರೆಯುವವರ ಹತ್ತಿರ ಲ್ಯಾಪ್‌ಟಾಪ್ ಇರಬಹುದು, ಶಾಲೆಯ ಲ್ಯಾಬ್‌ನಲ್ಲಿ ಕೈಟ್ (ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ) ಕೊಟ್ಟ ಲಿನಕ್ಸ್ ಕಂಪ್ಯೂಟರ್ ಇರಬಹುದು. ಓದುವವರು ಹೆಚ್ಚಿನವರು ಬಸ್ಸಿನಲ್ಲಿ ನಿಂತು, ಹಳೆಯ ಫೋನಿನಲ್ಲಿ, ಸಿಗ್ನಲ್ ಬಂದು ಹೋಗುವ ಜಾಗದಲ್ಲಿ ಓದುತ್ತಾರೆ.

ಮೊದಲು ಒಂದು ಭಯ ತೆಗೆದುಹಾಕೋಣ. ಕನ್ನಡ ಅಕ್ಷರಕ್ಕೆ ಜಾಸ್ತಿ ಜಾಗ ಬೇಕು, ಅದಕ್ಕೇ ಕನ್ನಡ ಪುಟ ನಿಧಾನ ಎಂದು ಕೆಲವರು ಹೇಳುವುದುಂಟು. ಯುಟಿಎಫ್-8 ಎಂಬ, ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ನಿಜ. ‘ಕಾಸರಗೋಡು’ ಎಂದು ಬರೆದರೆ ಕ, ದೀರ್ಘ, ಸ, ರ, ಗ, ಓತ್ವ, ಡ, ಉತ್ವ ಎಂದು 8 ಸಂಕೇತ. ಒಟ್ಟು 24 ಬೈಟ್. ಆದರೆ ಪ್ರತಿ ಮೂರರಲ್ಲಿ ಮೊದಲ ಎರಡು ಬೈಟ್ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಹಾಗಾಗಿ ಜಿಜಿಪ್ ಅಥವಾ ಬ್ರೋಟ್ಲಿಯಲ್ಲಿ ಕುಗ್ಗಿಸಿ ಕಳಿಸಿದರೆ ಅದು ಚೆನ್ನಾಗಿ ಕುಗ್ಗುತ್ತದೆ. ಉದ್ದದ ಲೇಖನದ ಪಠ್ಯ ಕೂಡ ಒಂದು ಸಾಧಾರಣ ಫೋಟೋಗಿಂತ ಹಗುರ. ಭಾರ ಇರುವುದು ಪಠ್ಯದಲ್ಲಲ್ಲ. ಪಠ್ಯಕ್ಕೆ ಅಂದ ಕೊಡಲು ನಾವು ಜೊತೆಗೆ ಕಳಿಸುವ ಜಾವಾಸ್ಕ್ರಿಪ್ಟ್‌ನಲ್ಲಿ (ಬ್ರೌಸರ್ ಒಳಗೆ ಓಡುವ ಪ್ರೋಗ್ರಾಂ), ಮತ್ತೆ ಫಾಂಟಿನಲ್ಲಿ.

ಜಾವಾಸ್ಕ್ರಿಪ್ಟ್‌ನ ಒಂದು ಕಿಲೋಬೈಟ್, ಚಿತ್ರದ ಒಂದು ಕಿಲೋಬೈಟ್ ಎರಡೂ ಒಂದೇ ಅಲ್ಲ. ಚಿತ್ರ ಬಂದರೆ ಬಿಡಿಸಿ ತೋರಿಸಿದರೆ ಆಯಿತು. ಜಾವಾಸ್ಕ್ರಿಪ್ಟ್ ಬಂದ ಮೇಲೆ ಅದನ್ನು ಓದಿ, ಅರ್ಥ ಮಾಡಿಕೊಂಡು, ಓಡಿಸಬೇಕು. ಅಷ್ಟು ಹೊತ್ತು ಪುಟದ ಉಳಿದ ಕೆಲಸವೆಲ್ಲ ಕಟ್ಟಿಹಾಕಿದ ಹಾಗೆ ನಿಂತಿರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಮುಗಿಯುವ ಕೆಲಸ ಅಗ್ಗದ ಫೋನಿನಲ್ಲಿ ನಾಲ್ಕೈದು ಪಟ್ಟು ಸಮಯ ತಗೊಳ್ಳಬಹುದು.

ಈಗ ದಾರಿಗಳನ್ನು ನೋಡೋಣ. ಒಂದು, ಸಾದಾ ಪಠ್ಯದಲ್ಲೇ ಚಿಹ್ನೆ ಹಾಕಿ ಬರೆಯುವ ಮಾರ್ಕ್‌ಡೌನ್. 2004ರಲ್ಲಿ ಜಾನ್ ಗ್ರೂಬರ್ ಇದನ್ನು ಹೊರತಂದರು, ಆರನ್ ಸ್ವಾರ್ಟ್ಜ್ ಅದಕ್ಕೆ ನೆರವಾಗಿದ್ದರು. ಪದದ ಎರಡೂ ಕಡೆ ಎರಡೆರಡು ನಕ್ಷತ್ರ ಹಾಕಿದರೆ ದಪ್ಪ, ಒಂದೊಂದು ಹಾಕಿದರೆ ಓರೆ, ಸಾಲಿನ ಮೊದಲು ಅಡ್ಡಗೆರೆ ಹಾಕಿದರೆ ಪಟ್ಟಿ. ಮೊದಲಿನ ವಿವರಣೆಯಲ್ಲಿ ಅಸ್ಪಷ್ಟ ಜಾಗಗಳಿದ್ದುದರಿಂದ ಒಬ್ಬೊಬ್ಬರ ಪ್ರೋಗ್ರಾಂ ಒಂದೊಂದು ತರ ಓದುತ್ತಿತ್ತು. 2014ರಲ್ಲಿ ಕಾಮನ್‌ಮಾರ್ಕ್ ಎಂಬ ನಿಖರ ನಿಯಮಾವಳಿ ಬಂತು. ಇನ್ನೊಂದು ದಾರಿ, ವರ್ಡ್‌ನಲ್ಲಿರುವಂತೆ ಗುಂಡಿ ಒತ್ತಿದರೆ ಅಲ್ಲೇ ದಪ್ಪ ಕಾಣಿಸುವ ಎಡಿಟರ್. ಟೈನಿಎಂಸಿಇ, ಸಿಕೆಎಡಿಟರ್, ಕ್ವಿಲ್ ಮುಂತಾದವು. ಮಾರ್ಕ್‌ಡೌನ್ ಓದುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಕುಗ್ಗಿಸಿದ ಮೇಲೆ ಹತ್ತಾರು ಕಿಲೋಬೈಟ್ ಅಷ್ಟೇ ಆಗುತ್ತದೆ. ದೊಡ್ಡ ಎಡಿಟರ್‌ಗಳಿಗೆ ಎಲ್ಲ ಸೌಕರ್ಯ ಸೇರಿಸಿದರೆ ನೂರಾರು ಕಿಲೋಬೈಟ್.

ಆದರೆ ಯಾವುದು ಹಗುರ ಎಂದು ಹೋಲಿಸುತ್ತಾ ಕೂರುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಕೆಲಸ ಓದುವವರ ಫೋನಿನಲ್ಲಿ ಆಗಲೇಬೇಕಾ?

ಬೇಡ. ನಮ್ಮ ಊರಿನವರಿಗೆ ಇದನ್ನು ಹೇಳುವುದು ಸುಲಭ. ಯಕ್ಷಗಾನದಲ್ಲಿ ವೇಷಧಾರಿ ಬಣ್ಣ ಹಚ್ಚಿಕೊಳ್ಳುವುದು ಚೌಕಿಯಲ್ಲಿ. ರಂಗಸ್ಥಳಕ್ಕೆ ಬರುವಾಗ ವೇಷ ಪೂರ್ತಿ ಆಗಿರುತ್ತದೆ. ಬರಹವೂ ಹಾಗೇ ಬರಬೇಕು. ಲೇಖಕರು ‘ಉಳಿಸು’ ಒತ್ತಿದಾಗಲೇ ಸರ್ವರ್‌ನಲ್ಲಿ ಮಾರ್ಕ್‌ಡೌನ್ ಅನ್ನು ಎಚ್‌ಟಿಎಂಎಲ್ (ಬ್ರೌಸರ್ ನೇರವಾಗಿ ತೋರಿಸುವ ಪುಟದ ರೂಪ) ಮಾಡಿ ಇಟ್ಟುಬಿಡಿ. ಓದುವವರಿಗೆ ತಯಾರಾದ ಪುಟ ಹೋಗಲಿ. ಅವರ ಫೋನಿಗೆ ಮಾರ್ಕ್‌ಡೌನ್ ಲೈಬ್ರರಿಯ ಒಂದು ಬೈಟ್ ಕೂಡ ಹೋಗಬೇಕಾಗಿಲ್ಲ.

ಡೇಟಾಬೇಸ್‌ನಲ್ಲಿ ಎರಡನ್ನೂ ಇಡಿ. ಲೇಖಕರು ಟೈಪ್ ಮಾಡಿದ ಮೂಲ ಒಂದು ಕಾಲಂನಲ್ಲಿ, ತಯಾರಾದ ಎಚ್‌ಟಿಎಂಎಲ್ ಇನ್ನೊಂದರಲ್ಲಿ. ಡಿಸ್ಕೋರ್ಸ್ ಎಂಬ ಚರ್ಚಾ ತಂತ್ರಾಂಶ ಮಾಡುವುದು ಇದನ್ನೇ. ಅಲ್ಲಿ ಕಾಲಂಗಳ ಹೆಸರೇ ‘ರಾ’ ಮತ್ತು ‘ಕುಕ್ಡ್’, ಅಂದರೆ ಹಸಿ ಮತ್ತು ಬೇಯಿಸಿದ್ದು. ಜೊತೆಗೆ ಮೂರನೆಯ ಒಂದು ಸಣ್ಣ ಕಾಲಂ ಬೇಕು ಎಂಬುದು ನನ್ನ ಒತ್ತಾಯ. ಯಾವ ಆವೃತ್ತಿಯ ಪ್ರೋಗ್ರಾಂ ಇದನ್ನು ತಯಾರಿಸಿತು ಎಂಬ ಸಂಖ್ಯೆ. ನಾಳೆ ಲೈಬ್ರರಿ ಬದಲಾದರೆ, ಅಥವಾ ಅದರಲ್ಲಿ ಭದ್ರತೆಯ ದೋಷ ಸಿಕ್ಕಿದರೆ, ಯಾವ ಬರಹಗಳನ್ನು ಮತ್ತೆ ತಯಾರಿಸಬೇಕು ಎಂದು ಆ ಸಂಖ್ಯೆ ನೋಡಿದರೆ ಗೊತ್ತಾಗುತ್ತದೆ.

ಪ್ರತಿ ಸಲ ತೋರಿಸುವಾಗ ಪಠ್ಯವನ್ನು ತಿದ್ದುವ ಅಭ್ಯಾಸ ಎಷ್ಟು ದುಬಾರಿ ಆಗಬಹುದು ಎಂಬುದಕ್ಕೆ ದೊಡ್ಡ ಉದಾಹರಣೆ ಇದೆ. 2016ರ ಜುಲೈ 20ರಂದು ಪ್ರೋಗ್ರಾಂ ಬರೆಯುವವರ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ನಿಂತುಹೋಯಿತು. ಯಾರೂ ದಾಳಿ ಮಾಡಿರಲಿಲ್ಲ. ಒಬ್ಬರು ಹಾಕಿದ ಬರಹದ ಒಂದು ಸಾಲಿನಲ್ಲಿ ಸುಮಾರು 20,000 ಖಾಲಿ ಜಾಗ ಇದ್ದವು. ಆ ಬರಹ ಮುಖಪುಟದ ಪಟ್ಟಿಯಲ್ಲಿ ಬಂತು. ಸಾಲಿನ ಕೊನೆಯ ಖಾಲಿ ಜಾಗ ಕತ್ತರಿಸಲು ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್ (ಪಠ್ಯದಲ್ಲಿ ಇಂಥ ಮಾದರಿ ಹುಡುಕು ಎಂದು ಹೇಳುವ ಸೂತ್ರ) ಇತ್ತು. ಖಾಲಿ ಜಾಗಗಳ ನಂತರ ಮತ್ತೆ ಒಂದು ಅಕ್ಷರ ಇದ್ದುದರಿಂದ ಅದು ಮೊದಲ ಜಾಗದಿಂದ ಕೊನೆಯವರೆಗೆ ಹೋಗಿ ಸೋತಿತು. ಎರಡನೆಯದರಿಂದ ಮತ್ತೆ ಶುರು ಮಾಡಿತು, ಸೋತಿತು. ಮೂರನೆಯದರಿಂದ ಮತ್ತೆ. ಕೂಡಿಸಿದರೆ ಸುಮಾರು 20 ಕೋಟಿ ಹೋಲಿಕೆ! ಸರ್ವರ್ ಆರೋಗ್ಯವಾಗಿದೆಯಾ ಎಂದು ಪರೀಕ್ಷಿಸುವ ವ್ಯವಸ್ಥೆಯೂ ಅದೇ ಮುಖಪುಟವನ್ನು ನೋಡುತ್ತಿತ್ತು. ಪುಟ ಬಾರದೇ ಹೋದಾಗ ಅದು ಸರ್ವರ್‌ಗಳನ್ನು ಒಂದೊಂದಾಗಿ ಸಾಲಿನಿಂದ ಹೊರಗಿಟ್ಟಿತು. ತಾಣ ಪೂರ್ತಿ ಮಲಗಿತು.

ಇದರಲ್ಲಿ ಕನ್ನಡದವರು ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಆ ಎಕ್ಸ್‌ಪ್ರೆಷನ್ ಹುಡುಕುತ್ತಿದ್ದುದರಲ್ಲಿ ಖಾಲಿ ಜಾಗದ ಜೊತೆ ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಕಾಣದ ಸಂಕೇತವೂ ಸೇರಿತ್ತು. ಸಾಲಿನ ತುದಿಯಲ್ಲಿ ಅದನ್ನು ಕತ್ತರಿಸಿದರೆ ತೊಂದರೆ ಇಲ್ಲ. ಆದರೆ ಹಲವರು ‘ಕಾಣದ ಅಕ್ಷರ ಎಲ್ಲ ತೆಗೆದುಬಿಡು’ ಎಂಬ ಕೋಡ್ ಎಲ್ಲಿಂದಲೋ ತಂದು ಅಂಟಿಸುತ್ತಾರೆ. ಕನ್ನಡದಲ್ಲಿ ಆ ಸಂಕೇತಕ್ಕೆ ಕೆಲಸ ಇದೆ. ‘ಮಾರ್ಕ್‌ಡೌನ್’ ಎಂದು ಅರ್ಧಾಕ್ಷರ ಬಿಡಿಸಿ ಬರೆಯುವುದು ಅದರಿಂದಲೇ. ಪದದ ನಡುವಿನಿಂದ ತೆಗೆದರೆ ಅದು ‘ಮಾರ್ಕ್ಡೌನ್’ ಆಗುತ್ತದೆ. ಹೆಸರುಗಳೆಲ್ಲ ಹೀಗೆ ಒತ್ತಕ್ಷರ ಆಗಿ ಕೆಡುತ್ತವೆ. ಪಠ್ಯ ಶುಚಿ ಮಾಡುವ ಕೋಡನ್ನು ಕನ್ನಡದ ಮೇಲೆ ಓಡಿಸಿ ನೋಡದೆ ಬಳಸಬೇಡಿ.

ಒಂದು ಬರಹದಿಂದ ತಾಣವೇ ಹೀಗೆ ಮಲಗದಿರಲು ಪಠ್ಯದ ಉದ್ದಕ್ಕೆ ಮಿತಿ ಹಾಕಬೇಕು, ಒಳಗೊಳಗೆ ಎಷ್ಟು ಆಳಕ್ಕೆ ಪಟ್ಟಿ, ಉಲ್ಲೇಖ ಹೋಗಬಹುದು ಎಂಬುದಕ್ಕೂ ಮಿತಿ ಹಾಕಬೇಕು. ಮಾರ್ಕ್‌ಡೌನ್-ಇಟ್ ಎಂಬ ಲೈಬ್ರರಿಯಲ್ಲಿ ಈ ಆಳದ ಮಿತಿ ಮೊದಲೇ ಇದೆ. ಸಿ ಭಾಷೆಯ ಸಿಮಾರ್ಕ್‌ನಲ್ಲಿ ಬೇಕೆಂದೇ ಕೆಟ್ಟದಾಗಿ ಬರೆದ ಪಠ್ಯಗಳನ್ನು ಕೊಟ್ಟು ಪರೀಕ್ಷೆ ಮಾಡುತ್ತಾರೆ. ಆದರೆ ಉದ್ದವನ್ನು ಬೈಟ್‌ನಲ್ಲಿ ಅಳೆಯಬೇಡಿ. 10,000 ಬೈಟ್ ಎಂದರೆ ಇಂಗ್ಲಿಷ್‌ನವರಿಗೆ 10,000 ಅಕ್ಷರ. ನಮಗೆ 3,333 ಸಂಕೇತ ಮಾತ್ರ. ಅದರಲ್ಲೂ ಕಾಗುಣಿತ, ಒತ್ತು ಬೇರೆ ಬೇರೆ ಸಂಕೇತ. ನಿಜವಾಗಿ ಓದುವ ಅಕ್ಷರ ಇನ್ನೂ ಕಮ್ಮಿ. ವೇಗ ಕಾಪಾಡುವ ನೆಪದಲ್ಲಿ ಕನ್ನಡ ಬರೆಯುವವರಿಗೆ ಮೂರನೇ ಒಂದು ಪಾಲು ಜಾಗ ಕೊಡುವುದು ಸರಿಯಲ್ಲ.

ಭದ್ರತೆಯ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಚೌಕಾಸಿ ಇಲ್ಲ. 2005ರ ಅಕ್ಟೋಬರ್‌ನಲ್ಲಿ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಒಬ್ಬ ಯುವಕ ತನ್ನ ಪ್ರೊಫೈಲ್‌ನ ಅಂದಕ್ಕೆ ಬಿಟ್ಟಿದ್ದ ಸಿಎಸ್‌ಎಸ್ (ಪುಟದ ಬಣ್ಣ, ಗಾತ್ರ ಹೇಳುವ ಭಾಷೆ) ಜಾಗದೊಳಗೆ ಕೋಡ್ ನುಗ್ಗಿಸಿದ. 20 ಗಂಟೆಯೊಳಗೆ ಅದು 10 ಲಕ್ಷಕ್ಕೂ ಹೆಚ್ಚು ಜನರ ಪ್ರೊಫೈಲ್‌ಗೆ ಹರಡಿತ್ತು. ಆದ್ದರಿಂದ ತಯಾರಾದ ಎಚ್‌ಟಿಎಂಎಲ್ ಅನ್ನು ಸೋಸಲೇಬೇಕು. ಯಾವ ಟ್ಯಾಗ್ (ದಪ್ಪ, ಪಟ್ಟಿ ಮುಂತಾದವನ್ನು ಸೂಚಿಸುವ ಗುರುತು) ಬೇಕು ಎಂದು ಪಟ್ಟಿ ಮಾಡಿ, ಉಳಿದದ್ದನ್ನೆಲ್ಲ ತೆಗೆದುಹಾಕಿ. ಬೇಡದ್ದರ ಪಟ್ಟಿ ಮಾಡಲು ಹೋಗಬೇಡಿ, ಅದಕ್ಕೆ ಕೊನೆಯೇ ಇಲ್ಲ. ಉಳಿಸುವಾಗಲೇ ಸೋಸಿದರೆ ಆ ಖರ್ಚು ಕೂಡ ಒಂದೇ ಸಲಕ್ಕೆ ಮುಗಿಯುತ್ತದೆ.

ಇನ್ನು ಬರೆಯುವವರ ಪುಟಕ್ಕೆ ಬರೋಣ. ಇಲ್ಲಿ ಬರೆದದ್ದು ಹೇಗೆ ಕಾಣುತ್ತದೆ ಎಂದು ತೋರಿಸುವ ಪ್ರಿವ್ಯೂ ಬೇಕು. ಎಷ್ಟೋ ಕಡೆ ಪ್ರತಿ ಕೀಲಿ ಒತ್ತಿದಾಗಲೂ ಪೂರ್ತಿ ಬರಹವನ್ನು ಮತ್ತೆ ಓದಿ, ಸೋಸಿ, ಪುಟದಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತಾರೆ. ಮಾರ್ಕ್‌ಡೌನ್ ಓದುವುದು ಇದರಲ್ಲಿ ಸಣ್ಣ ಭಾಗ. ಬ್ರೌಸರ್ ಪೂರ್ತಿ ಪಠ್ಯವನ್ನು ಮತ್ತೆ ಸಾಲು ಸಾಲಾಗಿ ಜೋಡಿಸಬೇಕಲ್ಲ, ಅದು ದೊಡ್ಡದು. ಕನ್ನಡದಲ್ಲಿ ಒತ್ತಕ್ಷರ, ಕಾಗುಣಿತ ಎಲ್ಲ ಕೂಡಿಸಿ ಸರಿಯಾದ ಆಕಾರ ಆರಿಸುವ ಕೆಲಸವೂ ಸೇರುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಹಾರ್ಫ್‌ಬಜ್ ಎಂಬ ತಂತ್ರಾಂಶ ಅದನ್ನು ಮಾಡುತ್ತದೆ. ಸೆಕೆಂಡಿಗೆ 60 ಸಲ ಪರದೆ ಬದಲಾಗಬೇಕು ಅಂದರೆ ಒಂದೊಂದು ಸಲಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ನಾಲ್ಕು ಸಾಲಿನ ಬರಹಕ್ಕೆ ಇದು ಧಾರಾಳ ಸಾಕು. ಪೂರ್ತಿ ಪ್ರಸಂಗ ಟೈಪ್ ಮಾಡುವವರಿಗೆ ಸಾಲುವುದಿಲ್ಲ. ಒತ್ತಿದ ಅಕ್ಷರ ತಡವಾಗಿ ಕಾಣಲು ಶುರುವಾಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಟೈಪ್ ಮಾಡುವುದು ಒಂದು ಕ್ಷಣ ನಿಂತ ಮೇಲೆ ಪ್ರಿವ್ಯೂ ಮಾಡಿ. 200-300 ಮಿಲಿಸೆಕೆಂಡ್ ಕಾದರೆ ಯಾರಿಗೂ ತಡ ಅನ್ನಿಸುವುದಿಲ್ಲ. ಉದ್ದದ ಬರಹವಾದರೆ ಮಾರ್ಕ್‌ಡೌನ್ ಓದುವ ಕೆಲಸವನ್ನು ವೆಬ್ ವರ್ಕರ್‌ಗೆ (ಪುಟವನ್ನು ತಡೆಯದೆ ಹಿಂದೆ ಓಡುವ ಪ್ರೋಗ್ರಾಂ) ವಹಿಸಿ. ಬದಲಾದ ಪ್ಯಾರಾ ಒಂದನ್ನೇ ಬದಲಿಸಿ. ಅಥವಾ ‘ಹೇಗೆ ಕಾಣುತ್ತದೆ ನೋಡಿ’ ಎಂಬ ಗುಂಡಿ ಇಡಿ, ಅಷ್ಟೇ. ಸಣ್ಣ ತಾಣಗಳಿಗೆ ನಾನು ಈ ಗುಂಡಿಯನ್ನೇ ಸೂಚಿಸುತ್ತೇನೆ.

ಕನ್ನಡಕ್ಕೆ ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಕೀಬೋರ್ಡ್‌ಗಳಲ್ಲಿ ಪದ ಪೂರ್ತಿ ಆಗುವವರೆಗೆ ಅಕ್ಷರಗಳು ‘ಜೋಡಣೆಯ ಹಂತ’ದಲ್ಲಿರುತ್ತವೆ. ಬ್ರೌಸರ್ ಇದಕ್ಕೆ ಕಾಂಪೊಸಿಷನ್ ಸ್ಟಾರ್ಟ್, ಕಾಂಪೊಸಿಷನ್ ಎಂಡ್ ಎಂಬ ಘಟನೆಗಳನ್ನು ಕೊಡುತ್ತದೆ. ಅದರ ನಡುವೆ ನಿಮ್ಮ ಕೋಡ್ ಎಡಿಟರ್ ಒಳಗಿನ ಪಠ್ಯ ಬದಲಿಸಿದರೆ ಅರ್ಧ ಆದ ಪದ ಎರಡೆರಡು ಸಲ ಬೀಳುತ್ತದೆ, ಇಲ್ಲವೇ ಕರ್ಸರ್ ಎಲ್ಲಿಗೋ ಹಾರುತ್ತದೆ. ‘ಎಂಡ್’ ಬರುವ ತನಕ ಕಾಯಿರಿ. ಇಂಗ್ಲಿಷ್‌ನಲ್ಲಿ ಮಾತ್ರ ಪರೀಕ್ಷಿಸುವವರಿಗೆ ಈ ದೋಷ ಎಂದೂ ಕಾಣುವುದಿಲ್ಲ.

ಫಾಂಟಿನ ವಿಷಯ. ಬೋಲ್ಡ್ ಅಂದರೆ ಇನ್ನೊಂದು ಫಾಂಟ್ ಫೈಲ್. ಒತ್ತಕ್ಷರಗಳ ಆಕಾರಗಳೆಲ್ಲ ಸೇರಿ ಕನ್ನಡ ಫಾಂಟ್ ದೊಡ್ಡದಾಗಿಯೇ ಇರುತ್ತದೆ. ಆ ಫೈಲ್ ಕಳಿಸದಿದ್ದರೆ ಬ್ರೌಸರ್ ತಾನೇ ಗೆರೆ ದಪ್ಪ ಮಾಡಿ ತೋರಿಸುತ್ತದೆ. ಸಣ್ಣ ಗಾತ್ರದಲ್ಲಿ ಒತ್ತಕ್ಷರದ ಒಳಗಿನ ಬೆಳಕು ಮುಚ್ಚಿಹೋಗುತ್ತದೆ, ಓದಲು ಕಷ್ಟ. ನನ್ನ ಅಭಿಪ್ರಾಯದಲ್ಲಿ ಬೋಲ್ಡ್ ಫೈಲ್‌ಗೆ ಖರ್ಚು ಮಾಡಬಹುದು. ಇಟಾಲಿಕ್‌ಗೆ ಬೇಡ. ಕನ್ನಡ ಲಿಪಿಗೆ ವಾಲಿದ ಅಕ್ಷರದ ರೂಢಿ ಇಲ್ಲ. ನೋಟೋ ಸಾನ್ಸ್ ಕನ್ನಡದಲ್ಲೂ ಇಟಾಲಿಕ್ ಇಲ್ಲ, ಬ್ರೌಸರ್ ಸುಮ್ನೆ ಅಕ್ಷರವನ್ನು ಓರೆ ಮಾಡುತ್ತದೆ. ಒಂದು ನಕ್ಷತ್ರ ಹಾಕಿದ್ದಕ್ಕೆ ಓರೆಯ ಬದಲು ಬೇರೆ ಬಣ್ಣ ಕೊಡಿ. ಸಿಎಸ್‌ಎಸ್‌ನ ಒಂದೆರಡು ಸಾಲು, ಖರ್ಚು ಸೊನ್ನೆ. ಅಡಿಗೆರೆಯೂ ಹಾಗೇ. ಅದು ಒತ್ತಕ್ಷರದ ಮೇಲೆಯೇ ಹಾಯುತ್ತದೆ, ಸ್ವಲ್ಪ ಕೆಳಗೆ ತಳ್ಳುವ ಆಯ್ಕೆ ಸಿಎಸ್‌ಎಸ್‌ನಲ್ಲಿ ಇದೆ.

ನಮ್ಮದು ಸಪ್ತಭಾಷಾ ಸಂಗಮ ಭೂಮಿ ಎಂದು ಹೆಮ್ಮೆಯಿಂದ ಹೇಳುತ್ತೇವಲ್ಲ. ನಿಮ್ಮ ತಾಣದಲ್ಲೂ ಒಂದೇ ಪುಟದಲ್ಲಿ ಕನ್ನಡದ ಪಕ್ಕ ಮಲಯಾಳದ ಸಾಲು ಬಂದೇ ಬರುತ್ತದೆ. ಎರಡು ಲಿಪಿಗೆ ಎರಡು ಫಾಂಟ್, ಎರಡರದ್ದೂ ಬೋಲ್ಡ್, ಆಗ ನಾಲ್ಕು ಫೈಲ್. ಇಲ್ಲಿ ಸಿಎಸ್‌ಎಸ್‌ನ ಯೂನಿಕೋಡ್ ರೇಂಜ್ ಬಳಸಿ. ಈ ಫಾಂಟ್ ಈ ಲಿಪಿಗೆ ಮಾತ್ರ ಎಂದು ಹೇಳಿಬಿಟ್ಟರೆ, ಮಲಯಾಳದ ಒಂದು ಅಕ್ಷರವೂ ಇಲ್ಲದ ಪುಟದಲ್ಲಿ ಆ ಫೈಲ್ ಇಳಿಯುವುದೇ ಇಲ್ಲ. ಫಾಂಟ್ ಬರುವ ತನಕ ಫೋನಿನಲ್ಲಿರುವ ಫಾಂಟಿನಲ್ಲಿ ಪಠ್ಯ ಕಾಣುವಂತೆಯೂ ಮಾಡಿ. ಖಾಲಿ ಪುಟ ನೋಡುತ್ತಾ ಕಾಯುವುದಕ್ಕಿಂತ ಅದು ಎಷ್ಟೋ ವಾಸಿ.

ಯಾವ ಫಾರ್ಮ್ಯಾಟಿಂಗ್ ಕೊಡಬೇಕು, ಯಾವುದು ಬೇಡ? ದಪ್ಪ, ಉಪಶೀರ್ಷಿಕೆ, ಪಟ್ಟಿ, ಉಲ್ಲೇಖ, ಲಿಂಕ್. ಜೊತೆಗೆ ಸಾಲು ಮುರಿಯುವುದು. ಕೊನೆಯದನ್ನು ಮರೆಯಬೇಡಿ. ಮಾರ್ಕ್‌ಡೌನ್‌ನಲ್ಲಿ ಸುಮ್ನೆ ಎಂಟರ್ ಒತ್ತಿದರೆ ಸಾಲು ಮುರಿಯುವುದಿಲ್ಲ, ಎರಡು ಸಾಲು ಸೇರಿಕೊಳ್ಳುತ್ತವೆ. ಗದ್ಯಕ್ಕೆ ಪರವಾಗಿಲ್ಲ. ಭಾಮಿನಿ ಷಟ್ಪದಿಯ ಆರು ಸಾಲು ಒಂದೇ ಉದ್ದದ ಸಾಲಾಗಿ ನಿಂತರೆ ಪದ್ಯ ಕೆಟ್ಟಿತು. ಎಂಟರ್ ಒತ್ತಿದಲ್ಲೇ ಮುರಿಯುವ ಆಯ್ಕೆ ಬಹುತೇಕ ಲೈಬ್ರರಿಗಳಲ್ಲಿದೆ, ಅದನ್ನು ಆನ್ ಮಾಡಿ.

ಕೋಡ್‌ಗೆ ಬಣ್ಣ ಹಚ್ಚುವುದು, ಗಣಿತದ ಸೂತ್ರ, ಇಮೋಜಿ ಪಟ್ಟಿ ಇವೆಲ್ಲ ಬೇಕಾದವರಿಗೆ ಬೇಕು, ಪದ್ಯದ ತಾಣಕ್ಕೆ ಬೇಡ. ಗಣಿತ ಶಿಕ್ಷಕರ ತಾಣವಾದರೆ, ಸೂತ್ರ ಇರುವ ಪುಟದಲ್ಲಿ ಮಾತ್ರ ಆ ಫೈಲ್ ಕಳಿಸಿ.

ಕನ್ನಡದ ಪ್ರತ್ಯಯಗಳ ಜೊತೆ ಮಾರ್ಕ್‌ಡೌನ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ ತಿಳಿದಿರಬೇಕು. \*\*ಕುಂಬಳೆ\*\*ಯಲ್ಲಿ ಎಂದು ಬರೆದರೆ ‘ಕುಂಬಳೆ’ ಸರಿಯಾಗಿ ದಪ್ಪ ಆಗುತ್ತದೆ. ನಕ್ಷತ್ರದ ಬದಲು ಅಂಡರ್‌ಸ್ಕೋರ್ ಹಾಕಿದರೆ ಆಗುವುದಿಲ್ಲ, ಪದದ ನಡುವೆ ಅದು ಕೆಲಸ ಮಾಡಬಾರದು ಎಂಬುದು ಕಾಮನ್‌ಮಾರ್ಕ್‌ನ ನಿಯಮ. ಇನ್ನೂ ಒಂದು ತೊಡಕು. ಉದ್ಧರಣ ಚಿಹ್ನೆ ಒಳಗಿದ್ದು, ಪ್ರತ್ಯಯ ಹೊರಗೆ ಅಂಟಿಕೊಂಡರೆ, ಅಂದರೆ \*\*“ಕುಂಬಳೆ”\*\*ಯಲ್ಲಿ ಎಂದು ಬರೆದರೆ, ಮುಚ್ಚುವ ನಕ್ಷತ್ರಗಳನ್ನು ಅದು ಮುಚ್ಚುವುದು ಎಂದು ಗುರುತಿಸುವುದೇ ಇಲ್ಲ. ನಕ್ಷತ್ರಗಳು ಹಾಗೆಯೇ ಪರದೆಯಲ್ಲಿ ಕಾಣುತ್ತವೆ. ಚಿಹ್ನೆಯನ್ನು ನಕ್ಷತ್ರದ ಹೊರಗಿಟ್ಟರೆ ಸರಿಯಾಗುತ್ತದೆ. ಇದನ್ನು ಸಹಾಯ ಪುಟದಲ್ಲಿ ಒಂದು ಸಾಲಿನಲ್ಲಿ ಬರೆದಿಡಿ. ಹಾಗೆಯೇ, ‘1956.’ ಎಂದು ಇಸವಿಯಿಂದ, ಚುಕ್ಕಿ ಇಟ್ಟು ಪ್ಯಾರಾ ಶುರು ಮಾಡಿದರೆ ಅದು 1956ನೇ ಅಂಶದಿಂದ ಶುರುವಾಗುವ ಪಟ್ಟಿ ಆಗಿಬಿಡುತ್ತದೆ. ನಮ್ಮ ಜಿಲ್ಲೆಯ ಬರಹಗಳಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ಆ ಇಸವಿ ಎಷ್ಟು ಸಲ ಬರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ೧, ೨ ಎಂದು ಕನ್ನಡ ಅಂಕಿ ಹಾಕಿದರೆ ಪಟ್ಟಿ ಆಗುವುದೇ ಇಲ್ಲ. ಇಂಗ್ಲಿಷ್ ಅಂಕಿಯಲ್ಲಿ ಬರೆಸಿ, ತೋರಿಸುವಾಗ ಕನ್ನಡ ಅಂಕಿ ಬರುವಂತೆ ಸಿಎಸ್‌ಎಸ್‌ನಲ್ಲಿ ಹೇಳಬಹುದು. ಪಟ್ಟಿಯ ಶೈಲಿಗೆ ‘ಕನ್ನಡ’ ಎಂಬ ಆಯ್ಕೆಯೇ ಅಲ್ಲಿದೆ.

ಕೊನೆಗೆ ಅಳತೆ. ಬದಲಾವಣೆಗೆ ಮೊದಲು ಅಳೆಯಿರಿ, ನಂತರ ಅಳೆಯಿರಿ. ಕ್ರೋಮ್‌ನ ಡೆವಲಪರ್ ಸಾಧನದಲ್ಲಿ ಪ್ರೊಸೆಸರ್ ವೇಗವನ್ನು ನಾಲ್ಕು ಪಟ್ಟು, ಆರು ಪಟ್ಟು ಇಳಿಸಿ ನೋಡುವ ಸೌಲಭ್ಯ ಇದೆ. ಅದು ಸಾಲದು, ನಿಜವಾದ ಹಳೆಯ ಫೋನ್ ಒಂದನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಗೂಗಲ್ 2024ರ ಮಾರ್ಚ್‌ನಿಂದ ಐಎನ್‌ಪಿ (ಇಂಟರ್‌ಆಕ್ಷನ್ ಟು ನೆಕ್ಸ್ಟ್ ಪೇಂಟ್) ಎಂಬ ಅಳತೆಯನ್ನು ವೆಬ್ ಪುಟಗಳ ಮುಖ್ಯ ಅಳತೆಗಳಲ್ಲಿ ಸೇರಿಸಿದೆ. ಒತ್ತಿದ ಮೇಲೆ ಪರದೆ ಬದಲಾಗಲು 200 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಒಳ್ಳೆಯದು ಎಂಬ ಲೆಕ್ಕ. ಆ ಲೆಕ್ಕವನ್ನು ಸರಾಸರಿಯಲ್ಲಿ ನೋಡುವುದಿಲ್ಲ, 100 ಭೇಟಿಗಳಲ್ಲಿ 75 ಆ ಮಿತಿಯೊಳಗೆ ಇರಬೇಕು. ಸರಾಸರಿ ನೋಡಿದರೆ ಒಳ್ಳೆಯ ಫೋನ್ ಇರುವವರ ಸಂಖ್ಯೆಯ ಹಿಂದೆ ಕಷ್ಟಪಡುವವರು ಮರೆಯಾಗುತ್ತಾರೆ.

ಪ್ರಶ್ನೆ: ನಮ್ಮಲ್ಲಿ ಬರೆಯುವವರು ಹೆಚ್ಚಿನವರು ನಿವೃತ್ತ ಮೇಷ್ಟ್ರುಗಳು. ನಕ್ಷತ್ರ ಹಾಕಿ ಅಂದರೆ ಅವರಿಗೆ ಬೇಸರ. ಗುಂಡಿ ಇರುವ ಎಡಿಟರೇ ಬೇಕು. ಏನು ಮಾಡುವುದು?

ಅವರಿಗೆ ಗುಂಡಿ ಕೊಡಿ, ಖಂಡಿತ ಕೊಡಿ. ಒತ್ತಿದರೆ ಆರಿಸಿದ ಪದದ ಎರಡೂ ಕಡೆ ನಕ್ಷತ್ರ ತಾನಾಗಿ ಬೀಳುವ ಗುಂಡಿ ಮಾಡುವುದು ಕೆಲವೇ ಸಾಲಿನ ಕೋಡ್. ಅದೂ ಸಾಲದು, ಅಲ್ಲೇ ದಪ್ಪ ಕಾಣಬೇಕು ಅಂದರೆ ದೊಡ್ಡ ಎಡಿಟರ್ ಹಾಕಿ. ಆದರೆ ‘ಬರೆಯಿರಿ’ ಗುಂಡಿ ಒತ್ತಿದ ಮೇಲೆ ಮಾತ್ರ ಅದು ಇಳಿಯಲಿ. ಓದಲು ಬಂದವರ ಪುಟದಲ್ಲಿ ಅದರ ಸುಳಿವೂ ಇರಬಾರದು. ಒಂದು ಎಚ್ಚರಿಕೆ. ಮೇಷ್ಟ್ರು ವರ್ಡ್‌ನಿಂದ ಕಾಪಿ ಮಾಡಿ ಅಂಟಿಸುತ್ತಾರೆ. ಅದರ ಜೊತೆ ಕಾಣದ ಶೈಲಿಯ ಟ್ಯಾಗ್‌ಗಳು ರಾಶಿ ಬರುತ್ತವೆ. ಅಂಟಿಸಿದ ಕೂಡಲೇ ಅವನ್ನು ಕಿತ್ತು, ದಪ್ಪ, ಪಟ್ಟಿ, ಲಿಂಕ್ ಇಷ್ಟನ್ನೇ ಉಳಿಸಿ.

ಪ್ರಶ್ನೆ: ನಮ್ಮ ತಾಣದಲ್ಲಿ ಈಗಾಗಲೇ ಸಾವಿರಾರು ಸಾದಾ ಬರಹ ಇವೆ. ಮಾರ್ಕ್‌ಡೌನ್ ಆನ್ ಮಾಡಿದರೆ ಅವು ಏನಾಗುತ್ತವೆ?

ಹಳೆಯವನ್ನು ಮುಟ್ಟಬೇಡಿ. ಆಗಿನ ಲೇಖಕರು ಅಂದಕ್ಕೆಂದು ಸುಮ್ನೆ ಹಾಕಿದ ನಕ್ಷತ್ರ, ಅಡ್ಡಗೆರೆ ಎಲ್ಲ ಈಗ ಫಾರ್ಮ್ಯಾಟಿಂಗ್ ಆಗಿ ಬದಲಾಗಿಬಿಡುತ್ತದೆ. ಪ್ರತಿ ಬರಹಕ್ಕೆ ‘ಸಾದಾ’ ಅಥವಾ ‘ಮಾರ್ಕ್‌ಡೌನ್’ ಎಂಬ ಗುರುತು ಇಡಿ. ಹಳೆಯದಕ್ಕೆಲ್ಲ ‘ಸಾದಾ’. ಲೇಖಕರು ಹಳೆಯ ಬರಹ ತಿದ್ದಲು ಬಂದಾಗ, ಬದಲಿಸಬೇಕಾ ಎಂದು ಅವರನ್ನೇ ಕೇಳಿ. ಲೈಬ್ರರಿಯ ಆವೃತ್ತಿ ಬದಲಾಗಿ ಎಲ್ಲವನ್ನೂ ಮತ್ತೆ ತಯಾರಿಸಬೇಕಾದ ಸಂದರ್ಭ ಬಂದರೆ ಒಟ್ಟಿಗೆ ಮಾಡಲು ಹೋಗಬೇಡಿ. ರಾತ್ರಿ ಹೊತ್ತು ನೂರು ನೂರರ ಹಾಗೆ ಮಾಡಿ, ಪ್ರತಿ ಕಂತಿನ ನಂತರ ಹಳೆಯ ಎಚ್‌ಟಿಎಂಎಲ್‌ಗೂ ಹೊಸದಕ್ಕೂ ಎಲ್ಲಿ ವ್ಯತ್ಯಾಸ ಬಂತು ಎಂದು ಹೋಲಿಸಿ ನೋಡಿ. ವ್ಯತ್ಯಾಸ ಬಂದವನ್ನು ಮಾತ್ರ ಕಣ್ಣಲ್ಲಿ ಓದಿದರೆ ಸಾಕು.